ಎರಡನೆಯ ತಂತಿ ಯಾವ ಹಾದಿಯಿಂದ ಬರುತ್ತದೆ? ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಮನೆಗಳಿಗೆ ಮೀಸಲು ಇಂಟರ್‌ನೆಟ್

ಜೇವರ್ಗಿಯಿಂದ ಹೊರಟು ಸುರಪುರವನ್ನು ದಾಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದರ ಹಿಂದೊಂದರಂತೆ ಹಾದು, ಸಿರುಗುಪ್ಪ, ಬಳ್ಳಾರಿಗಳ ಮೂಲಕ ಚಾಮರಾಜನಗರದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ, ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕು ಕೇಂದ್ರಗಳನ್ನು ಒಂದೇ ಗೆರೆಯ ಮೇಲೆ ಜೋಡಿಸಿದೆ. ದೂರಸಂಪರ್ಕ ಕಂಪನಿಗಳು ಊರಿಂದೂರಿಗೆ ಒಯ್ಯುವ ಆಪ್ಟಿಕಲ್ ಫೈಬರ್ ಕೇಬಲ್ಲನ್ನು, ಅಂದರೆ ಮಾಹಿತಿಯನ್ನು ಬೆಳಕಿನ ಮಿಡಿತಗಳಾಗಿ ಸಾಗಿಸುವ ಗಾಜಿನ ಎಳೆಗಳ ಕಟ್ಟನ್ನು, ಸಾಮಾನ್ಯವಾಗಿ ರಸ್ತೆಯಂಚಿನ ಸರ್ಕಾರಿ ಜಾಗದಲ್ಲಿಯೇ ಹೂಳುವುದರಿಂದ, ರಸ್ತೆಗಳ ನಕ್ಷೆಯನ್ನು ಬಲ್ಲವರು ಇಂಟರ್‌ನೆಟ್ಟಿನ ನಕ್ಷೆಯನ್ನೂ ಬಹುಮಟ್ಟಿಗೆ ಊಹಿಸಬಲ್ಲರು. ಲಿಂಗಸುಗೂರಿನಲ್ಲಿ ಈ ಹೆದ್ದಾರಿಯನ್ನು ಬೆಳಗಾವಿ–ರಾಯಚೂರು ರಸ್ತೆಯೂ ಸಿಂಧನೂರಿನಲ್ಲಿ ರಾಯಚೂರು–ಗಂಗಾವತಿ ರಸ್ತೆಯೂ ಕೂಡುತ್ತವೆ. ನಡುವಿನ ಮಸ್ಕಿಗೆ ಅಷ್ಟು ದೊಡ್ಡ ಅಡ್ಡರಸ್ತೆಯ ಅನುಕೂಲವಿಲ್ಲ. ಮನೆಗೆ ಎರಡನೆಯ ಇಂಟರ್‌ನೆಟ್ ಸಂಪರ್ಕ ಹಾಕಿಸಲು ಹೊರಟವರು ದರಪಟ್ಟಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ಬೇರೆ ಬೇರೆ ಹೆಸರಿನ ಎರಡು ಕಂಪನಿಗಳ ತಂತಿಗಳು ಒಂದೇ ಕಂದಕದಲ್ಲಿ, ಒಂದೇ ಕಂಬದ ಮೇಲೆ, ಒಂದೇ ವಿದ್ಯುತ್ ಮಾರ್ಗವನ್ನು ನೆಚ್ಚಿಕೊಂಡು ಬಂದಿದ್ದರೆ, ತಿಂಗಳಿಗೆ ಎರಡು ಬಿಲ್ಲು ಕಟ್ಟಿದರೂ ಆ ಮನೆಗೆ ಇರುವುದು ಒಂದೇ ಸಂಪರ್ಕ.

ಎಲ್ಲ ಮನೆಗಳಿಗೂ ಮೀಸಲು ಸಂಪರ್ಕ ಬೇಕೆಂದೇನೂ ಇಲ್ಲ. ಸಂಜೆ ಧಾರಾವಾಹಿ ನೋಡುವುದಕ್ಕೂ ವಾಟ್ಸ್‌ಆ್ಯಪ್ ಸಂದೇಶಗಳಿಗೂ ಮಾತ್ರ ನೆಟ್ ಬಳಸುವ ಕುಟುಂಬಕ್ಕೆ ಕೈಯಲ್ಲಿರುವ ಮೊಬೈಲೇ ಸಾಕಷ್ಟು ಮೀಸಲು. ಆದರೆ ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮನೆಯಿಂದಲೇ ಮಾಡುವವರು, ಸಮಯ ನಿಗದಿಯಾದ ಆನ್‌ಲೈನ್ ಪರೀಕ್ಷೆ ಬರೆಯುವ ವಿದ್ಯಾರ್ಥಿಗಳು, ಮನೆಯ ಮುಂಭಾಗದಲ್ಲಿಯೇ ಗ್ರಾಮ ಒನ್ ಕೇಂದ್ರ ನಡೆಸುವವರು, ಭತ್ತದ ಸುಗ್ಗಿಯಲ್ಲಿ ಲಾರಿ ಹೊರಡುವ ಮುನ್ನ ಆನ್‌ಲೈನ್ ಕಾಗದಪತ್ರ ಮುಗಿಸಬೇಕಾದ ಅಕ್ಕಿ ಗಿರಣಿಯವರು ಮತ್ತು ದಲ್ಲಾಳಿ ಅಂಗಡಿಯವರು ಅರ್ಧ ದಿನದ ವ್ಯತ್ಯಯವನ್ನೂ ನಷ್ಟದ ಲೆಕ್ಕದಲ್ಲಿಯೇ ಬರೆದುಕೊಳ್ಳಬೇಕಾಗುತ್ತದೆ. ಈ ಲೇಖನ ಅಂಥವರನ್ನು ಉದ್ದೇಶಿಸಿದ್ದು.

ಎರಡು ಸಂಪರ್ಕಗಳಿಂದ ದೊರೆಯುವ ಲಾಭವನ್ನು ಸರಳ ಗಣಿತದಿಂದ ತಿಳಿಯಬಹುದು. ವರ್ಷಕ್ಕೆ 8,760 ಗಂಟೆಗಳು. ಒಂದು ಸಂಪರ್ಕ ಶೇ. 99ರಷ್ಟು ಕಾಲ ಚಾಲ್ತಿಯಲ್ಲಿದ್ದರೆ ಉಳಿದ ಶೇ. 1 ಎಂದರೆ ಸುಮಾರು 88 ಗಂಟೆಗಳು, ಅಂದರೆ ಮೂರೂವರೆ ದಿನಕ್ಕಿಂತ ಹೆಚ್ಚು ಕಾಲ ಅದು ಸತ್ತಿರುತ್ತದೆ. ಅದೇ ಗುಣಮಟ್ಟದ ಇನ್ನೊಂದು ಸಂಪರ್ಕವನ್ನು ಸೇರಿಸಿದಾಗ, ಎರಡೂ ಏಕಕಾಲಕ್ಕೆ ಕೈಕೊಡುವ ಸಂಭವ ನೂರರಲ್ಲಿ ಒಂದರ ನೂರನೆಯ ಒಂದು ಭಾಗಕ್ಕೆ ಇಳಿದು, ವರ್ಷದ ವ್ಯತ್ಯಯ 53 ನಿಮಿಷಗಳಷ್ಟಾಗುತ್ತದೆ. ಮಾರಾಟದ ಪ್ರತಿನಿಧಿಗಳು ಹೇಳುವ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಆದರೆ ಈ ಗುಣಾಕಾರ ನಿಜವಾಗಬೇಕಾದರೆ ಒಂದರ ವೈಫಲ್ಯಕ್ಕೂ ಇನ್ನೊಂದರ ವೈಫಲ್ಯಕ್ಕೂ ಸಂಬಂಧವೇ ಇರಬಾರದು. ಒಂದೇ ಜೆಸಿಬಿಯ ಹಲ್ಲಿಗೆ ಎರಡೂ ಕೇಬಲ್‌ಗಳು ಸಿಗುವಂತಿದ್ದರೆ 53 ನಿಮಿಷಗಳು ಮತ್ತೆ 88 ಗಂಟೆಗಳ ಕಡೆಗೆ ಜಾರುತ್ತವೆ. ಸ್ವಾತಂತ್ರ್ಯ ಎಂಬ ಈ ಗುಣವನ್ನು ಯಾವ ಕಂಪನಿಯೂ ಮಾರುವುದಿಲ್ಲ, ಗ್ರಾಹಕನೇ ಅದನ್ನು ಹುಡುಕಿಕೊಳ್ಳಬೇಕು.

ಮೊದಲ ಖರ್ಚು ಕರೆಂಟಿಗೆ

ಹಳೆಯ ತಾಮ್ರದ ತಂತಿಯ ದೂರವಾಣಿ ಕರೆಂಟ್ ಹೋದಾಗಲೂ ಮಾತನಾಡುತ್ತಿದ್ದುದಕ್ಕೆ ಕಾರಣ, ಅದಕ್ಕೆ ಬೇಕಾದ ವಿದ್ಯುತ್ತು ಟೆಲಿಫೋನ್ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಗಳಿಂದ ಅದೇ ತಂತಿಯಲ್ಲಿಯೇ ಬರುತ್ತಿತ್ತು ಎಂಬುದು. ಗಾಜಿನ ಎಳೆ ಬೆಳಕನ್ನು ಒಯ್ಯುತ್ತದೆಯೇ ಹೊರತು ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ, ಫೈಬರ್ ಬಂದ ಮೇಲೆ ಆ ಹೊಣೆ ಎಕ್ಸ್‌ಚೇಂಜಿನಿಂದ ಮನೆಗೆ ವರ್ಗವಾಯಿತು. ಬಹಳಷ್ಟು ಮನೆಗಳು ಇದನ್ನು ಗಮನಿಸಿಯೇ ಇಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು-ಗಾಳಿ ಮಳೆಯಲ್ಲಿ ಕಂಬ ಉರುಳಿ, ಟೊಂಗೆ ಬಿದ್ದು ಕರೆಂಟ್ ಹೋಗುವುದು ಈ ಭಾಗದಲ್ಲಿ ಅಪರೂಪವಲ್ಲ, ಮತ್ತು ‘ನೆಟ್ ಹೋಗಿದೆ’ ಎಂಬ ದೂರುಗಳಲ್ಲಿ ಎಷ್ಟೋ ನಿಜಕ್ಕೂ ಕರೆಂಟಿನ ದೂರುಗಳು. ಎರಡನೆಯ ಸಂಪರ್ಕಕ್ಕೆ ಹಣ ತೆಗೆದಿಡುವ ಮೊದಲು ಇರುವ ಒಂದು ಸಂಪರ್ಕದ ವಿದ್ಯುತ್ತನ್ನು ಭದ್ರಪಡಿಸಿಕೊಳ್ಳುವುದು ವಿವೇಕ, ಅದರ ವೆಚ್ಚವೂ ಕಡಿಮೆ.

ಫೈಬರಿನ ತುದಿಯಲ್ಲಿ ಗೋಡೆಗೆ ತೂಗುಹಾಕಿರುವ ಸಣ್ಣ ಪೆಟ್ಟಿಗೆಗೆ ಒಎನ್‌ಟಿ ಎಂದು ಹೆಸರು. ಅದು ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತದೆ, ಹೆಚ್ಚಿನ ಮನೆಗಳಲ್ಲಿ ವೈ-ಫೈ ಹರಡುವ ರೂಟರಿನ ಕೆಲಸವನ್ನೂ ಅದೇ ಮಾಡುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಒಎನ್‌ಟಿಯ ಪ್ಲಗ್ ಇನ್ವರ್ಟರಿನ ಸಾಲಿನಲ್ಲಿ ಇರದಿರುವುದು ತೀರ ಸಾಮಾನ್ಯ ಸಂಗತಿಯಾದ್ದರಿಂದ, ಮೊದಲು ಮಾಡಬೇಕಾದ ಪರೀಕ್ಷೆ ಮುಖ್ಯ ಸ್ವಿಚ್ಚನ್ನು ಆರಿಸಿ ಒಎನ್‌ಟಿಯ ದೀಪಗಳು ಉಳಿಯುತ್ತವೆಯೇ ಎಂದು ನೋಡುವುದು. ಉಳಿದರೂ, ಕೆಲವು ಇನ್ವರ್ಟರ್‌ಗಳು ಬದಲಾಗಲು ತೆಗೆದುಕೊಳ್ಳುವ ಕ್ಷಣಾರ್ಧದಲ್ಲಿ ಒಎನ್‌ಟಿ ಆರಿ ಮತ್ತೆ ಹೊತ್ತಿಕೊಂಡು, ಸಂಪರ್ಕ ಮರಳಲು ಎರಡು ಮೂರು ನಿಮಿಷಗಳನ್ನು ತಿನ್ನುತ್ತದೆ. ಇದಕ್ಕೆ ಪರಿಹಾರ ರೂಟರ್‌ಗಳಿಗೆಂದೇ ಸಿಗುವ ಮಿನಿ ಯುಪಿಎಸ್: ಗೋಡೆಯ ಅಡಾಪ್ಟರಿಗೂ ಒಎನ್‌ಟಿಗೂ ನಡುವೆ ಕೂರುವ, ಒಳಗೆ ಲಿಥಿಯಂ ಬ್ಯಾಟರಿ ಇರುವ, ಅಂಗೈಯಗಲದ ಪೆಟ್ಟಿಗೆ. ಅದನ್ನು ಕೊಳ್ಳುವಾಗ ಹಳೆಯ ಅಡಾಪ್ಟರಿನ ಮೇಲೆ ಮುದ್ರಿಸಿರುವ ವೋಲ್ಟ್ ಮತ್ತು ಆಂಪಿಯರ್ ಅಂಕೆಗಳನ್ನು ಓದಿಕೊಂಡು ಹೋಗಬೇಕು. 12 ವೋಲ್ಟ್ ಬೇಡುವ ಸಾಧನಕ್ಕೆ 9 ವೋಲ್ಟ್ ಕೊಟ್ಟರೆ ಅದು ನಡೆಯುವುದಿಲ್ಲ, 9 ಬೇಡುವುದಕ್ಕೆ 12 ಕೊಟ್ಟರೆ ಸುಟ್ಟುಹೋಗಬಹುದು. ಆಂಪಿಯರ್ ಮಾತ್ರ ಅಡಾಪ್ಟರಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ತೊಂದರೆಯಿಲ್ಲ. ಎಷ್ಟು ಹೊತ್ತು ಬರುತ್ತದೆ ಎಂಬುದನ್ನು ಡಬ್ಬಿಯ ಮೇಲಿನ ದೊಡ್ಡ ಅಂಕೆಯಿಂದಲ್ಲ, ಲೆಕ್ಕದಿಂದ ತಿಳಿಯಬೇಕು. 8,000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ 3.7 ವೋಲ್ಟಿನದಾದ್ದರಿಂದ ಅದರಲ್ಲಿ ಇರುವುದು ಸುಮಾರು 30 ವಾಟ್-ಗಂಟೆ. ಪರಿವರ್ತನೆಯ ನಷ್ಟ ಕಳೆದು 25 ಉಳಿದರೆ, 8 ವಾಟ್ ಎಳೆಯುವ ಒಎನ್‌ಟಿಗೆ ಮೂರು ಗಂಟೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಊರುಗಳಲ್ಲಿ ತಗಡಿನ ಮಾಡಿನ ಕೆಳಗೋ ಪಶ್ಚಿಮದ ಗೋಡೆಗೋ ಈ ಪೆಟ್ಟಿಗೆಗಳನ್ನು ಇಡುವುದು ಬ್ಯಾಟರಿಯ ಆಯುಷ್ಯವನ್ನು ಕೈಯಾರೆ ಕಡಿಮೆ ಮಾಡಿದಂತೆ.

ಮನೆಯಲ್ಲಿ ಕರೆಂಟ್ ಇದ್ದು ಓಣಿಯೆಲ್ಲ ಕತ್ತಲಾದಾಗ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಮನೆಯಿಂದ ಕಂಪನಿಯ ಸ್ಥಳೀಯ ಕೇಂದ್ರದವರೆಗಿನ ಫೈಬರ್ ಜಾಲದ ನಡುವೆ ಸ್ಪ್ಲಿಟರ್‌ಗಳೆಂಬ, ಒಂದು ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುವ ಗಾಜಿನ ಸಾಧನಗಳಿರುತ್ತವೆ. ಅವುಗಳಿಗೆ ವಿದ್ಯುತ್ತೇ ಬೇಡ. ಆದರೆ ಜಾಲದ ಇನ್ನೊಂದು ತುದಿಯಲ್ಲಿರುವ, ಒಎಲ್‌ಟಿ ಎಂದು ಕರೆಯುವ ಯಂತ್ರಕ್ಕೆ ಬೇಕು. ಅದು ದೂರವಾಣಿ ಕೇಂದ್ರದ ಕಟ್ಟಡದಲ್ಲಿ ದೊಡ್ಡ ಬ್ಯಾಟರಿ ಮತ್ತು ಜನರೇಟರಿನ ಆಸರೆಯಲ್ಲಿರಬಹುದು, ಕೇಬಲ್ ಟಿವಿ ನಡೆಸುವವರ ಅಂಗಡಿಯ ಅಟ್ಟದ ಮೇಲೂ ಇರಬಹುದು. ಸಂಪರ್ಕ ಪಡೆಯುವ ಮುನ್ನ ಕೇಳಬೇಕಾದ ಅತ್ಯುಪಯುಕ್ತ ಪ್ರಶ್ನೆ ವೇಗದ್ದಲ್ಲ. ‘ಒಎಲ್‌ಟಿ ಎಲ್ಲಿದೆ, ಕರೆಂಟ್ ಹೋದರೆ ಎಷ್ಟು ಗಂಟೆ ನಡೆಯುತ್ತದೆ’ ಎಂದು ಕೇಳಿದರೆ ಸ್ಥಳೀಯ ಆಪರೇಟರುಗಳು ಸಾಮಾನ್ಯವಾಗಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಏಕೆಂದರೆ ಹೀಗೆ ಕೇಳುವವರೇ ಕಡಿಮೆ.

ಹಾದಿಯನ್ನು ಗುರುತಿಸುವುದು

ಕೇಂದ್ರ ಸರ್ಕಾರ 2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಿಂದ ಮಂಜೂರು ಮಾಡಿ, ಮುಂದೆ ಭಾರತ್‌ನೆಟ್ ಎಂದು ಮರುನಾಮಕರಣ ಮಾಡಿದ ಯೋಜನೆಯ ಆರಂಭಿಕ ವಿನ್ಯಾಸದಲ್ಲಿ ತಾಲ್ಲೂಕು ಕೇಂದ್ರದಿಂದ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಬಹುಪಾಲು ಒಂದೇ ದಿಕ್ಕಿನ ಸರಳರೇಖೆಯಾಗಿ ಹೋಗುತ್ತಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇಂಥ ವಿನ್ಯಾಸದ ಕಷ್ಟವನ್ನು ವಿವರಿಸಬೇಕಾಗಿಲ್ಲ. ಮೇಲೆ ಎಲ್ಲಿ ಒಡೆದರೂ ಕೆಳಗಿನವರಿಗೆಲ್ಲ ಬರ. ಈ ದೋಷವನ್ನು ಒಪ್ಪಿಕೊಂಡೇ 2023ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಕೊಟ್ಟು, ರೇಖೆಯ ಬದಲು ಉಂಗುರದ ವಿನ್ಯಾಸವನ್ನು ಅಳವಡಿಸಿಕೊಂಡಿತು. ಉಂಗುರದ ವಿನ್ಯಾಸದಲ್ಲಿ ಪ್ರತಿ ಕೇಂದ್ರಕ್ಕೂ ಎರಡು ದಿಕ್ಕುಗಳಿಂದ ಹಾದಿಯಿರುವುದರಿಂದ, ಒಂದೆಡೆ ಕಡಿದರೆ ಮಾಹಿತಿ ಇನ್ನೊಂದೆಡೆಯಿಂದ ಸುತ್ತಿಕೊಂಡು ಬರುತ್ತದೆ. ಮನೆಯವರು ಎರಡು ಸಂಪರ್ಕಗಳಿಂದ ಸಾಧಿಸಲು ಹೊರಟಿರುವುದೂ ಇದೇ ತತ್ತ್ವವನ್ನು, ಅಳತೆ ಮಾತ್ರ ಸಣ್ಣದು.

ತಂತಿಯ ಹಾದಿಯನ್ನು ಮನೆಯ ಕಡೆಯಿಂದ ಹೊರಕ್ಕೆ ಹಂತಹಂತವಾಗಿ ಪರಿಶೀಲಿಸಬಹುದು. ಮನೆಯಿಂದ ಕಂಬಕ್ಕೆ, ಕಂಬದಿಂದ ಕಂಬಕ್ಕೆ ಹೋಗುವ ಕಪ್ಪು ತಂತಿಯನ್ನು ಕಣ್ಣಿನಿಂದಲೇ ಹಿಂಬಾಲಿಸಬಹುದಾದ್ದರಿಂದ ಮೊದಲ ಹಂತಕ್ಕೆ ಯಾವ ತಾಂತ್ರಿಕ ಜ್ಞಾನವೂ ಬೇಡ. ಹಳೆಯ ಮತ್ತು ಹೊಸ ಕಂಪನಿಗಳ ತಂತಿಗಳು ಒಂದೇ ವಿದ್ಯುತ್ ಕಂಬಗಳ ಸಾಲಿನಲ್ಲಿ ತೂಗುತ್ತಿದ್ದರೆ, ಎತ್ತರಕ್ಕೆ ಹುಲ್ಲು ಹೇರಿದ ಒಂದು ಟ್ರ್ಯಾಕ್ಟರ್ ಎರಡನ್ನೂ ಹರಿದುಕೊಂಡು ಹೋಗಬಲ್ಲದು. ಎರಡನೆಯ ಹಂತದಲ್ಲಿ ಊರಿನಿಂದ ಹೊರಗೆ ಹೋಗುವ ದಾರಿಯನ್ನು ವಿಚಾರಿಸಬೇಕು. ಸಿಂಧನೂರಿನಲ್ಲಿ ಒಂದು ಸಂಪರ್ಕ ಸಿರುಗುಪ್ಪ–ಬಳ್ಳಾರಿ ಕಡೆಯಿಂದಲೂ ಇನ್ನೊಂದು ಮಾನ್ವಿ–ರಾಯಚೂರು ಕಡೆಯಿಂದಲೂ ಬರುವುದಾದರೆ ಅದು ಅತ್ಯುತ್ತಮ ಜೋಡಿ. ಲಿಂಗಸುಗೂರಿನಲ್ಲಿ ಮುದಗಲ್ ಕಡೆಯದೊಂದು, ರಾಯಚೂರು ಕಡೆಯದೊಂದು ಆಗಬಹುದು. ಮಸ್ಕಿಯಲ್ಲಿ ಒಂದು ಸಿಂಧನೂರು ದಿಕ್ಕಿನಿಂದ, ಇನ್ನೊಂದು ಲಿಂಗಸುಗೂರು ದಿಕ್ಕಿನಿಂದ ಬಂದರೂ ಸಾಕು, ಏಕೆಂದರೆ ಕೇಬಲ್ ಕಟ್ ಆಗುವುದು ಹೆದ್ದಾರಿಯುದ್ದಕ್ಕೂ ಅಲ್ಲ, ಅದರ ಯಾವುದೋ ಒಂದು ಬಿಂದುವಿನಲ್ಲಿ. ರಸ್ತೆ ಅಗೆಯುವವರು ಕೇಬಲ್ ಮಾಲೀಕರಿಗೆ ಮೊದಲೇ ತಿಳಿಸಲೆಂದು ಕೇಂದ್ರ ದೂರಸಂಪರ್ಕ ಇಲಾಖೆ 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಅನ್ನು ಜಾರಿಗೆ ತಂದಿದೆ. ಬಳಸುವವರಿಗೆ ಅದು ಉಪಯುಕ್ತ, ಆದರೆ ಅಗೆಯುವ ಪ್ರತಿಯೊಬ್ಬನೂ ಅದನ್ನು ಬಳಸುತ್ತಾನೆ ಎಂಬ ಭರವಸೆಯ ಮೇಲೆ ಮನೆಯ ವ್ಯವಸ್ಥೆಯನ್ನು ಕಟ್ಟುವಂತಿಲ್ಲ.

ಕಂಪನಿಯ ಮಾತಿಗಿಂತ ಹೆಚ್ಚು ನಂಬಬಹುದಾದ ಸಾಕ್ಷ್ಯವೊಂದಿದೆ: ಒಂದು ನೋಟ್‌ಬುಕ್. ನೆಟ್ ಹೋದ ದಿನ, ಗಂಟೆ, ಮರಳಿದ ಗಂಟೆ, ಆಗ ಕರೆಂಟ್ ಇತ್ತೇ, ಒಎನ್‌ಟಿಯ ಎಲ್‌ಒಎಸ್ ದೀಪ ಕೆಂಪಾಗಿತ್ತೇ, ಪಕ್ಕದ ಮನೆಯ ಬೇರೆ ಕಂಪನಿಯ ಸಂಪರ್ಕ ಮತ್ತು ಮೊಬೈಲುಗಳ ಡೇಟಾ ಆಗ ನಡೆಯುತ್ತಿದ್ದವೇ ಎಂಬಿಷ್ಟನ್ನು ಒಂದು ಮಳೆಗಾಲ ಮುಗಿಯುವತನಕ ಬರೆದಿಟ್ಟರೆ, ಯಾವುದು ಯಾವುದರ ಜೊತೆಗೆ ಸಾಯುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಕೆಂಪು ದೀಪ ಬೆಳಕು ಮನೆಯವರೆಗೆ ತಲುಪುತ್ತಿಲ್ಲ ಎಂಬುದರ ಗುರುತಾದ್ದರಿಂದ ದೋಷ ಓಣಿಯ ತಂತಿಯಲ್ಲೋ ಒಎಲ್‌ಟಿಯಲ್ಲೋ ಇರುತ್ತದೆ. ದೀಪಗಳೆಲ್ಲ ಹಸಿರಾಗಿದ್ದೂ ನೆಟ್ ಇಲ್ಲದಿದ್ದರೆ ದೋಷ ಅದರಾಚೆಗಿನದು. ದಿನಕ್ಕೆ ಹಲವು ಬಾರಿ ಬಂದು ಹೋಗುವ ಸಂಪರ್ಕವಾದರೆ ಒಎನ್‌ಟಿಯ ಒಳಪುಟದಲ್ಲಿ ತೋರಿಸುವ ಬೆಳಕಿನ ಬಲವನ್ನು ನೋಡಬೇಕು. ಅದು ಡಿಬಿಎಂ ಎಂಬ ಮಾನದಲ್ಲಿ ಋಣ ಸಂಖ್ಯೆಯಾಗಿ ಇರುತ್ತದೆ; −15ರಿಂದ −25ರವರೆಗೆ ಆರೋಗ್ಯಕರ, −27ಕ್ಕಿಂತ ಕೆಳಗಿಳಿದರೆ ಎಲ್ಲೋ ತಂತಿ ಮಡಚಿದೆ ಅಥವಾ ಜೋಡಣೆ ಕೊಳೆಯಾಗಿದೆ ಎಂದರ್ಥ. ಇಂಥಲ್ಲಿ ಬೇಕಾಗಿರುವುದು ದುರಸ್ತಿಯೇ ಹೊರತು ಎರಡನೆಯ ಸಂಪರ್ಕವಲ್ಲ.

ಯಾವುದಕ್ಕೆ ಯಾವುದು ಜೋಡಿ

ಎರಡು ಫೈಬರ್‌ಗಳಿಗಿಂತ ಒಂದು ಫೈಬರ್ ಮತ್ತು ಒಂದು ನಿಸ್ತಂತು ಸಂಪರ್ಕದ ಜೋಡಿ ಈ ಮೂರೂ ಊರುಗಳಿಗೆ ಹೆಚ್ಚು ಹೊಂದುತ್ತದೆ, ಏಕೆಂದರೆ ಕಂಬ, ಟ್ರ್ಯಾಕ್ಟರ್, ಓಣಿಯ ಚರಂಡಿ ಕಾಮಗಾರಿ ಇವು ಗಾಳಿಯಲ್ಲಿ ಬರುವ ಸಂಕೇತವನ್ನು ಮುಟ್ಟಲಾರವು. ಆದರೆ ಇಲ್ಲಿಯೂ ಒಂದು ತೊಡಕು ಇದೆ. ಮೊಬೈಲ್ ಗೋಪುರವೂ ಆಕಾಶದಿಂದ ಇಂಟರ್‌ನೆಟ್ ಪಡೆಯುವುದಿಲ್ಲ, ಅದರ ಬುಡಕ್ಕೂ ಬಹುಮಟ್ಟಿಗೆ ಫೈಬರೇ ಬಂದಿರುತ್ತದೆ. ಮನೆಯ ಫೈಬರ್ ಯಾವ ಕಂಪನಿಯದೋ ಮೀಸಲು ಸಿಮ್ ಕೂಡ ಅದೇ ಕಂಪನಿಯದಾಗಿದ್ದರೆ, ಊರ ಹೊರಗಿನ ಒಂದು ಕಡಿತಕ್ಕೆ ಎರಡೂ ಒಟ್ಟಿಗೆ ಆರಬಹುದು. ಜಿಯೋ ಫೈಬರ್ ಇರುವ ಮನೆಗೆ ಏರ್‌ಟೆಲ್ ಅಥವಾ ಬಿಎಸ್‌ಎನ್‌ಎಲ್ ಸಿಮ್, ಬಿಎಸ್‌ಎನ್‌ಎಲ್ ಫೈಬರ್ ಇರುವ ಮನೆಗೆ ಖಾಸಗಿ ಕಂಪನಿಯ ಸಿಮ್ ಎಂಬುದು ಸಾಮಾನ್ಯ ಸೂತ್ರ. ಬಿಎಸ್‌ಎನ್‌ಎಲ್‌ನ ದೇಶೀಯ ತಂತ್ರಜ್ಞಾನದ 4ಜಿ ಸೇವೆ 2025ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಉದ್ಘಾಟನೆಯಾದ ಮೇಲೆ ಈ ಆಯ್ಕೆ ಇನ್ನಷ್ಟು ವಿಸ್ತಾರಗೊಂಡಿದೆ. ಕಂಪನಿಯ ಹೆಸರಿಗಿಂತಲೂ ಮನೆಯೊಳಗೆ ಯಾವುದರ ಸಂಕೇತ ಚೆನ್ನಾಗಿ ಸಿಗುತ್ತದೆ ಎಂಬುದೇ ಅಂತಿಮ ನಿರ್ಣಾಯಕ, ಮತ್ತು ಅದನ್ನು ನೆಂಟರ, ನೆರೆಯವರ ಫೋನುಗಳಿಂದ ಸಂಜೆ ಎಂಟರ ದಟ್ಟಣೆಯ ಹೊತ್ತಿನಲ್ಲಿ ಅಳೆಯಬೇಕು. ಮಧ್ಯಾಹ್ನ ಹನ್ನೆರಡರ ವೇಗ ಯಾರನ್ನಾದರೂ ಮೋಸಗೊಳಿಸಬಲ್ಲದು. ಊರಿನ ಫೈಬರ್ ಕಡಿದ ದಿನ ಎಲ್ಲ ಮನೆಯವರೂ ಒಮ್ಮೆಲೇ ಮೊಬೈಲ್ ಡೇಟಾಕ್ಕೆ ಇಳಿಯುವುದರಿಂದ ಅಂದಿನ ವೇಗ ಅದಕ್ಕಿಂತಲೂ ಕಡಿಮೆ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

2023ರ ಆಗಸ್ಟ್‌ನಲ್ಲಿ ಏರ್‌ಟೆಲ್, ಅದರ ಮರುತಿಂಗಳು ಜಿಯೋ ದೇಶದಲ್ಲಿ ಆರಂಭಿಸಿದ ಏರ್‌ಫೈಬರ್ ಸೇವೆಗಳು ಸ್ಥಿರ ನಿಸ್ತಂತು ಸಂಪರ್ಕ ಎಂಬ ವರ್ಗಕ್ಕೆ ಸೇರುತ್ತವೆ: ಮಾಳಿಗೆಯ ಮೇಲೆ ಗೋಪುರದ ಕಡೆಗೆ ಮುಖ ಮಾಡಿದ ಗ್ರಾಹಕ ಪೆಟ್ಟಿಗೆ, ಅಲ್ಲಿಂದ ಮನೆಯೊಳಗಿನ ರೂಟರಿಗೆ ತಾಮ್ರದ ಕೇಬಲ್. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಯವರೆಗೆ ಬರುವುದು 5ಜಿ ಸಂಕೇತ. ಹೆಚ್ಚು ಡೇಟಾ ಬೇಕಾದವರಿಗೆ ಸಿಮ್‌ಗಿಂತ ಇದು ವಾಸಿ, ಆದರೆ ಮಾಳಿಗೆಯ ತಾಮ್ರದ ತಂತಿ ಸಿಡಿಲಿನ ಆಘಾತವನ್ನು ಮನೆಯೊಳಕ್ಕೆ ತರಬಲ್ಲದು. ಪೆಟ್ಟಿಗೆಗೆ ಸರಿಯಾದ ಅರ್ಥಿಂಗ್ ಕೇಳಿ ಮಾಡಿಸಿಕೊಳ್ಳಬೇಕು, ಗುಡುಗು ಸಮೀಪಿಸಿದಾಗ ಆ ಕೇಬಲ್ಲನ್ನು ಕಳಚಿಡಬೇಕು. ಸಿಂಧನೂರು ಸುತ್ತಲಿನ, ಕ್ಯಾಂಪುಗಳೆಂದು ಕರೆಯುವ ವಸತಿಗಳಲ್ಲಿ ಮತ್ತು ಮೂರೂ ತಾಲ್ಲೂಕುಗಳ ಒಳ ಹಳ್ಳಿಗಳಲ್ಲಿ ಇಂಥ ಸೇವೆ ಸಿಗದಿದ್ದರೆ, ಸಿಮ್ ಹಾಕುವ 4ಜಿ ರೂಟರಿಗೆ ಗೋಪುರದ ದಿಕ್ಕಿನ ಹೊರ ಆಂಟೆನಾ ಜೋಡಿಸಿ ಎತ್ತರದಲ್ಲಿ ಕೂರಿಸಿದರೆ, ಕೋಣೆಯೊಳಗಿನ ಫೋನಿಗೆ ಸಿಗದ ಸಂಕೇತ ಅದಕ್ಕೆ ಸಿಗುವುದುಂಟು. ಉಪಗ್ರಹದ ವಿಷಯವಾಗಿ ಹೇಳುವುದಾದರೆ, 35,786 ಕಿಲೊಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳ ಮೂಲಕ ಸಂದೇಶ ಹೋಗಿ ಬರಲು ಅರ್ಧ ಸೆಕೆಂಡೇ ಬೇಕಾಗುವುದರಿಂದ ವಿಡಿಯೊ ಮಾತುಕತೆಗೆ ಅವು ತೊಡಕು; ಸುಮಾರು 550 ಕಿಲೊಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸ್ಟಾರ್‌ಲಿಂಕ್ ಕಂಪನಿಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ದೊರೆತಿದೆ. ಊರಿನ ಕಂದಕ, ಕಂಬ, ಗೋಪುರ ಮೂರನ್ನೂ ಅವಲಂಬಿಸದ ಹಾದಿ ಉಪಗ್ರಹದ್ದೊಂದೇ.

ಬದಲಾವಣೆಯ ಯಂತ್ರಾಂಗ

ಒಂದು ಸತ್ತಾಗ ಇನ್ನೊಂದಕ್ಕೆ ದಾಟುವ ಕ್ರಿಯೆಗೆ ಫೇಲ್‌ಓವರ್ ಎಂದು ಹೆಸರು. ಅದರ ಅತಿ ಸರಳ ರೂಪ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸುವುದು. ಒಬ್ಬರೇ ಕೆಲಸ ಮಾಡುವ ಮನೆಗೆ ಇದಕ್ಕಿಂತ ಹೆಚ್ಚಿನ ವ್ಯವಸ್ಥೆಗೆ ಹಣ ಹಾಕುವುದು ಬಹುತೇಕ ವ್ಯರ್ಥ. ಹಲವು ಸಾಧನಗಳಿರುವ ಮನೆಗೆ, ಅಂಗಡಿ-ಮನೆಗೆ, ಎರಡು ಹೊರ ಸಂಪರ್ಕಗಳನ್ನು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳುವ ಡ್ಯುಯಲ್ ವ್ಯಾನ್ ರೂಟರ್ ಬೇಕು. ಟಿಪಿ-ಲಿಂಕ್‌ನ ಇಆರ್605, ಮೈಕ್ರೋಟಿಕ್‌ನ ಹೆಕ್ಸ್ ಇಂಥವು. ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿದ ಸಾಮಾನ್ಯ ರೂಟರುಗಳಲ್ಲಿಯೂ ಈ ಸೌಲಭ್ಯ ಪಡೆಯಬಹುದು. ಒಎನ್‌ಟಿ ಮತ್ತು 4ಜಿ ರೂಟರುಗಳೆರಡರಿಂದಲೂ ಒಂದೊಂದು ಕೇಬಲ್ ಈ ರೂಟರಿಗೆ ಬರುತ್ತದೆ, ಮನೆಯ ಎಲ್ಲ ಸಾಧನಗಳೂ ಇದರ ವೈ-ಫೈಗೋ ಇದಕ್ಕೆ ಜೋಡಿಸಿದ ವೈ-ಫೈ ಪೆಟ್ಟಿಗೆಗೋ ಸೇರುತ್ತವೆ. ಈ ರೂಟರಿಗೂ 4ಜಿ ಪೆಟ್ಟಿಗೆಗೂ ಬ್ಯಾಟರಿ ಆಸರೆ ಬೇಕೆಂಬುದನ್ನು ಮರೆತು ಒಎನ್‌ಟಿಗೆ ಮಾತ್ರ ಯುಪಿಎಸ್ ಕೊಡುವುದು ಪದೇ ಪದೇ ಕಾಣುವ ಲೋಪ.

ಹೊಂದಿಕೆಗಳಲ್ಲಿ ಮೂರು ನಾಲ್ಕನ್ನು ಎಚ್ಚರಿಕೆಯಿಂದ ಮಾಡಬೇಕು. ಒಎನ್‌ಟಿ ತನ್ನ ಒಳಜಾಲಕ್ಕೆ 192.168.1 ಎಂದು ಆರಂಭವಾಗುವ ವಿಳಾಸಗಳನ್ನು ಬಳಸುತ್ತಿದ್ದು ಹೊಸ ರೂಟರೂ ಅದನ್ನೇ ಬಳಸಿದರೆ ಎರಡೂ ಡಿಕ್ಕಿಯಾಗಿ ಯಾವುದೂ ನಡೆಯುವುದಿಲ್ಲವಾದ್ದರಿಂದ, ಹೊಸದಕ್ಕೆ 192.168.50ರಂಥ ಬೇರೆ ಸರಣಿ ಕೊಡಬೇಕು. ರೂಟರು ಸಂಪರ್ಕ ಬದುಕಿದೆಯೇ ಎಂದು ಪರೀಕ್ಷಿಸುವ ವಿಧಾನ ಇದಕ್ಕಿಂತ ಮುಖ್ಯವಾದದ್ದು. ಬರಿಯ ಕೇಬಲ್ ಜೋಡಣೆಯನ್ನು ನೋಡುವ ರೂಟರು, ರಸ್ತೆಯಲ್ಲಿ ಫೈಬರ್ ಕಡಿದಿದ್ದರೂ ಒಎನ್‌ಟಿಯ ದೀಪ ಉರಿಯುತ್ತಿರುವುದನ್ನು ಕಂಡು ಎಲ್ಲವೂ ಸರಿಯಾಗಿದೆ ಎಂದು ಕೂರುತ್ತದೆ. ಅದರ ಬದಲು 8.8.8.8 ಮತ್ತು 1.1.1.1 ರಂಥ ಹೊರಗಿನ ಎರಡು ವಿಳಾಸಗಳಿಗೆ ಪಿಂಗ್ ಎಂಬ ಪುಟ್ಟ ವಿಚಾರಣಾ ಸಂದೇಶವನ್ನು ಕೆಲವು ಸೆಕೆಂಡುಗಳಿಗೊಮ್ಮೆ ಕಳಿಸಿ, ಎರಡರಿಂದಲೂ ಸತತ ಮೂರು ಬಾರಿ ಉತ್ತರ ಬಾರದಿದ್ದಾಗ ಮಾತ್ರ ದಾಟುವಂತೆ ಹೊಂದಿಸಬೇಕು. ಒಂದೇ ವಿಳಾಸವನ್ನು ನೆಚ್ಚಿದರೆ ಆ ವಿಳಾಸದ ತೊಂದರೆ ಮನೆಯ ತೊಂದರೆಯಾಗುತ್ತದೆ. ಮುಖ್ಯ ಸಂಪರ್ಕ ಮರಳಿದೊಡನೆ ಹಿಂದಿರುಗದೆ, ಅದು ಎರಡು ಮೂರು ನಿಮಿಷ ಸ್ಥಿರವಾಗಿ ನಿಂತ ಮೇಲೆ ಹಿಂದಿರುಗುವಂತೆ ಮಾಡದಿದ್ದರೆ, ಅರೆಜೀವದ ಫೈಬರ್ ಮತ್ತು ಸಿಮ್ ನಡುವೆ ಮನೆಯ ಜಾಲ ಇಡೀ ದಿನ ಜೋಲಿ ಹೊಡೆಯುತ್ತದೆ. ಹೆಸರುಗಳನ್ನು ವಿಳಾಸಗಳಾಗಿ ಬಿಡಿಸುವ ಡಿಎನ್‌ಎಸ್ ಸೇವೆಯನ್ನೂ ಒಂದು ಕಂಪನಿಯ ಒಳಜಾಲದ್ದಾಗಿರಿಸದೆ ಸಾರ್ವಜನಿಕವಾದದ್ದನ್ನು ಬಳಸಬೇಕು, ಇಲ್ಲವಾದರೆ ಸಂಪರ್ಕ ದಾಟಿದ ಮೇಲೂ ಯಾವ ಜಾಲತಾಣವೂ ತೆರೆಯದು.

ಎಷ್ಟು ಚೆನ್ನಾಗಿ ಹೊಂದಿಸಿದರೂ ದಾಟುವ ಕ್ಷಣದಲ್ಲಿ ಮನೆಯ ಹೊರವಿಳಾಸ ಬದಲಾಗುತ್ತದೆ. ವಿಡಿಯೊ ಸಭೆ ಕೆಲವು ಸೆಕೆಂಡು ಹೆಪ್ಪುಗಟ್ಟಿ ಮತ್ತೆ ಕೂಡಿಕೊಳ್ಳುತ್ತದೆ, ಕಚೇರಿಯ ವಿಪಿಎನ್ ಕಡಿದು ಮರುಜೋಡಣೆ ಬೇಡುತ್ತದೆ, ಬ್ಯಾಂಕಿನ ಜಾಲತಾಣ ಸುರಕ್ಷತೆಗಾಗಿ ಹೊರಹಾಕುತ್ತದೆ. ಐಪಿವಿ6 ಎಂಬ ಹೊಸ ವಿಳಾಸ ಕ್ರಮ ಬಳಕೆಯಲ್ಲಿದ್ದರೆ ಮನೆಯ ಸಾಧನಗಳು ಸತ್ತ ಸಂಪರ್ಕದ ವಿಳಾಸವನ್ನೇ ಹಿಡಿದು ಕೆಲಕಾಲ ತೊಳಲಾಡುವುದುಂಟು. ಇಂಥ ಅನುಭವವಾದರೆ ಮನೆಯ ರೂಟರಿನಲ್ಲಿ ಐಪಿವಿ6 ಅನ್ನು ಆರಿಸಿಡುವುದು ಸೊಗಸಾದ ಪರಿಹಾರವಲ್ಲದಿದ್ದರೂ ಕೆಲಸ ಮಾಡುವ ಪರಿಹಾರ. ಈ ಕಡಿತವನ್ನೂ ಸಹಿಸಲಾಗದವರಿಗೆ ಬಾಂಡಿಂಗ್ ಎಂಬ ವಿಧಾನವಿದೆ. ಅದರಲ್ಲಿ ಎರಡೂ ಸಂಪರ್ಕಗಳ ಮೂಲಕ ಹೋದ ಮಾಹಿತಿ ಬೇರೊಂದೂರಿನ ಸರ್ವರಿನಲ್ಲಿ ಒಂದಾಗಿ ಹೊರಗಿನ ಜಗತ್ತಿಗೆ ಒಂದೇ ವಿಳಾಸದಿಂದ ಕಾಣಿಸಿಕೊಳ್ಳುತ್ತದೆ. ಸ್ಪೀಡಿಫೈಯಂಥ ಸೇವೆಗಳು ಇದನ್ನು ತಿಂಗಳ ಬಾಡಿಗೆಗೆ ಕೊಡುತ್ತವೆ. ಲೋಡ್ ಬ್ಯಾಲೆನ್ಸಿಂಗ್ ಇದಕ್ಕಿಂತ ಬೇರೆ. ಅದು ಮನೆಯ ಕೆಲಸಗಳನ್ನು ಎರಡು ಸಂಪರ್ಕಗಳಿಗೆ ಹಂಚುತ್ತದೆಯೇ ಹೊರತು ಎರಡನ್ನು ಕೂಡಿಸುವುದಿಲ್ಲವಾದ್ದರಿಂದ, 100 ಎಂಬಿಪಿಎಸ್‌ನ ಎರಡು ಸಂಪರ್ಕಗಳಿದ್ದರೂ ಒಂದು ಡೌನ್‌ಲೋಡ್ 200ರ ವೇಗದಲ್ಲಿ ಬರುವುದಿಲ್ಲ. ಅಳತೆಯ ಡೇಟಾ ಇರುವ ಸಿಮ್ ಅನ್ನು ಇದಕ್ಕೆ ಹಚ್ಚಿದರೆ ಮೀಸಲಿನ ಡೇಟಾ ಮಾಮೂಲು ದಿನಗಳಲ್ಲಿಯೇ ಕರಗುತ್ತದೆ, ಆದ್ದರಿಂದ ಮನೆಗಳಿಗೆ ಇದನ್ನು ಶಿಫಾರಸು ಮಾಡಲಾಗದು.

ಡೇಟಾ ಕರಗುವ ಇನ್ನೊಂದು ದಾರಿ ಮೌನವಾದದ್ದು. ರಾತ್ರಿ ಫೈಬರ್ ಸತ್ತು ರೂಟರು ಸಿಮ್‌ಗೆ ದಾಟಿದ್ದು ಯಾರಿಗೂ ತಿಳಿಯದೆ, ಫೋನುಗಳ ಫೋಟೊ ಬ್ಯಾಕಪ್, ಕಂಪ್ಯೂಟರಿನ ಅಪ್‌ಡೇಟ್, ಸಿಸಿಟಿವಿಯ ಕ್ಲೌಡ್ ಸಂಗ್ರಹ, ಟಿವಿ ಎಲ್ಲವೂ ಎಂದಿನಂತೆ ಎಳೆದು, ಬೆಳಿಗ್ಗೆ ಸಭೆಯ ಹೊತ್ತಿಗೆ ದಿನದ ಮಿತಿ ಮುಗಿದಿರುತ್ತದೆ. ಒಂದು ಗಂಟೆಯ ವಿಡಿಯೊ ಸಭೆಗೆ ಸುಮಾರು 1 ಜಿಬಿ ಬೇಕಾದರೆ ಯುಪಿಐ ಪಾವತಿಗೆ ಕೆಲವೇ ಕಿಲೊಬೈಟುಗಳು ಸಾಕು. ಮೀಸಲಿನಲ್ಲಿದ್ದಾಗ ಟಿವಿ ಮತ್ತು ಕ್ಯಾಮೆರಾಗಳಿಗೆ ಪ್ರವೇಶವಿಲ್ಲದಂತೆ ರೂಟರಿನಲ್ಲಿ ನಿಯಮ ಬರೆಯುವುದು, ದಾಟಿದೊಡನೆ ಫೋನಿಗೆ ಸೂಚನೆ ಬರುವಂತೆ ಮಾಡುವುದು ಎರಡೂ ಅಗತ್ಯ. ಕ್ಯಾಮೆರಾಗಳ ವಿಷಯದಲ್ಲಿ ಮತ್ತೊಂದು ತೊಡಕು, ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇರಿಸುವ ಸಿಜಿನ್ಯಾಟ್ ಎಂಬ ಏರ್ಪಾಡಿನಿಂದ ಬರುತ್ತದೆ: ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವ ಮನೆಯ ಡಿವಿಆರ್ ಅನ್ನು ಹೊರಗಿನಿಂದ ನೇರವಾಗಿ ತೆರೆಯಲು ಮಾಡಿಕೊಂಡ ಪೋರ್ಟ್ ಫಾರ್ವರ್ಡಿಂಗ್ ಮೀಸಲು ಸಂಪರ್ಕದ ಮೇಲೆ ನಡೆಯುವುದಿಲ್ಲ, ತಯಾರಕರ ಆ್ಯಪ್ ಮೂಲಕವೇ ನೋಡಬೇಕಾಗುತ್ತದೆ.

ಮೀಸಲು ಇದೆ ಎಂದು ಫೈಬರಿನ ದೂರನ್ನು ದಾಖಲಿಸದೆ ಬಿಡುವ ಅಭ್ಯಾಸವೂ ಬೆಳೆಯುತ್ತದೆ. ದೂರು ಕೊಟ್ಟು ಅದರ ಡಾಕೆಟ್ ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ, ದೀರ್ಘ ವ್ಯತ್ಯಯಕ್ಕೆ ಬಾಡಿಗೆ ರಿಯಾಯಿತಿ ಕೇಳಲೂ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಪ್ರತಿ ಕಂಪನಿಯಲ್ಲಿಯೂ ಇರಬೇಕಾದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲೂ ಅದೇ ಆಧಾರ. ತಿಂಗಳಿಗೊಮ್ಮೆ ಬಿಡುವಿನ ಹೊತ್ತಿನಲ್ಲಿ ಒಎನ್‌ಟಿಯಿಂದ ರೂಟರಿಗೆ ಹೋಗುವ ಕೇಬಲ್ಲನ್ನು ಕಿತ್ತು, ಬಳಿಕ ಅದನ್ನು ಜೋಡಿಸಿ ಒಎನ್‌ಟಿಯ ಹಿಂದಿನ ಫೈಬರನ್ನು ಮೆಲ್ಲನೆ ಕಳಚಿ, ಕೊನೆಗೆ ಮುಖ್ಯ ಸ್ವಿಚ್ಚನ್ನೇ ಆರಿಸಿ, ಮೂರೂ ಬಾರಿ ಮನೆಯ ಜಾಲ ತಾನಾಗಿ ಚೇತರಿಸಿಕೊಳ್ಳುತ್ತದೆಯೇ ಎಂದು ನೋಡಬೇಕು, ಏಕೆಂದರೆ ಮೊದಲನೆಯದನ್ನು ಗೆದ್ದ ರೂಟರು ಎರಡನೆಯದರಲ್ಲಿ ಸೋಲುವುದೇ ಹೆಚ್ಚು. ಸಿಮ್ ರೂಟರಿನ ಹೊಟ್ಟೆಯಲ್ಲಿರುವುದರಿಂದ ಅದಕ್ಕೆ ಬರುವ ರೀಚಾರ್ಜ್ ನೆನಪಿನ ಎಸ್‌ಎಂಎಸ್‌ಗಳನ್ನು ಯಾರೂ ಓದುವುದಿಲ್ಲ. ಕಂಪನಿಯ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಮನೆಯವರೊಬ್ಬರ ಖಾತೆಗೆ ಜೋಡಿಸಿ, ವಾಯಿದೆ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರಿನ ದಿನಾಂಕದ ಪಕ್ಕದಲ್ಲಿ ಗುರುತು ಹಾಕಿಡಬೇಕು.